ಎಳೆಯರ ಅಂತರಂಗ

ಶರಣಧರ್ಮವು ಮನುಷ್ಯನನ್ನು ಒಳಗು ಹೊರಗು ಎಂದು ಸೀಳಲಿಲ್ಲ. ನಡೆಯಲ್ಲಿ ತೋರದ ಅರಿವನ್ನು ಅದು ಅರಿವೆನ್ನಲಿಲ್ಲ; ಅಂತರಂಗದಲ್ಲಿ ಬೇರೂರದ ಆಚಾರವನ್ನು ಆಚಾರವೆಂದೂ ಒಪ್ಪಲಿಲ್ಲ. ಸದ್ಭಕ್ತರಾದ ಗೃಹಸ್ಥರು ಈ ತತ್ತ್ವವನ್ನು ತಮ್ಮ ವಿಷಯದಲ್ಲಿ ಬಲ್ಲರು. ಆದರೆ ಹದಿಹರೆಯದ ಮಕ್ಕಳ ಮಾತು ಬಂದಾಗ ಬಹುಮಂದಿ ಹೊರಗನ್ನಷ್ಟೇ ನೋಡಿ ತೀರ್ಪು ಕೊಡುವರು. ಎದುರಾಡುವವನು ಕೆಟ್ಟವನು, ಸುಮ್ಮನಿರುವವನು ಒಳ್ಳೆಯವನು ಎಂಬುದು ಮನೆಮನೆಯ ಲೆಕ್ಕ. ಈ ಲೆಕ್ಕವು ತಪ್ಪುತ್ತಿದೆ.

ಕಾಲ ತಿರುಗಿದಂತೆ ಎಳೆಯರ ಸಂಕಟದ ರೂಪವೂ ತಿರುಗುವುದೆಂಬುದಕ್ಕೆ ನಿದರ್ಶನವುಂಟು. ಬ್ರಿಟನ್ನಿನಲ್ಲಿ 1974, 1986 ಮತ್ತು 1999ರಲ್ಲಿ ಹದಿನೈದು ಹದಿನಾರರ ಪ್ರಾಯದವರ ಬಗ್ಗೆ ತಂದೆತಾಯಿಗಳು ಕೊಟ್ಟ ವಿವರಗಳನ್ನು ವಿದ್ವಾಂಸರು ಹೋಲಿಸಿ 2004ರಲ್ಲಿ ಪ್ರಕಟಿಸಿದರು. ಸುಳ್ಳು, ಕಳವು, ಅವಿಧೇಯತೆ ಮೊದಲಾದ ನಡತೆಯ ದೋಷಗಳು ಆ 25 ವರ್ಷಗಳುದ್ದಕ್ಕೂ ಏರಿದ್ದವು. ಚಿಂತೆ, ದುಃಖ ಮೊದಲಾದ ಮನದ ಬೇಗೆಗಳು 1986ರ ತರುವಾಯ ಹೆಚ್ಚಿದ್ದವು. ಮುಂದೆ ಇಂಗ್ಲೆಂಡಿನಲ್ಲಿ 5ರಿಂದ 15 ವಯಸ್ಸಿನವರ ಭಾವಸಂಬಂಧವಾದ ವ್ಯಾಧಿಯು 2004ರಲ್ಲಿ ಶೇ. 3.9 ಇದ್ದುದು 2017ರಲ್ಲಿ ಶೇ. 5.8 ಆಯಿತು, ನಡತೆಯ ವ್ಯಾಧಿಯಾದರೋ ಹೆಚ್ಚುಕಡಿಮೆ ಇದ್ದಲ್ಲೇ ನಿಂತಿತು. ಎಂದರೆ, ಕಣ್ಣಿಗೆ ಬೀಳುವ ಪುಂಡತನಕ್ಕಿಂತ ಕಾಣದ ಕೊರಗು ಬೆಳೆಯಿತು. ನಮ್ಮ ದೇಶದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯು 13ರಿಂದ 17 ವಯಸ್ಸಿನವರಲ್ಲಿ ಶೇ. 7.3 ಮಂದಿಗೆ ಮಾನಸಿಕ ವ್ಯಾಧಿಯಿದ್ದುದನ್ನು ಕಂಡಿತು. ಹಳ್ಳಿಗಳೂ ಇದಕ್ಕೆ ಹೊರತಾಗಿರಲಿಲ್ಲ.

ಕಡೂರು ಸೀಮೆಯ ಯಗಟಿಯ ಒಕ್ಕಲಿಗೆ ಈ ಸೂಕ್ಷ್ಮವನ್ನು ತೆಂಗಿನ ಮರವೇ ಬೋಧಿಸುವುದು. ಗೊಬ್ಬರದ ಗುಂಡಿಯಲ್ಲಿ ಬೆಳೆದ ದುಂಬಿಯು ಸುಳಿಯನ್ನು ಕೊರೆದರೆ ಗರಿಗಳು ಕತ್ತರಿಸಿದಂತೆ ತೋರುವುವು. ಅದನ್ನು ಯಾರಾದರೂ ಗುರುತಿಸಬಲ್ಲರು. ಕೆಂಪು ಮೂತಿಯ ಹುಳುವಿನ ಮರಿಗಳು ಕಾಂಡದೊಳಗೇ ಇದ್ದು ತಿರುಳನ್ನು ತಿನ್ನುವುವು. ಮರವು ಬಹುಕಾಲ ಹಸುರಾಗಿಯೇ ಇರುವುದು. ಬಲ್ಲವನು ಕಾಂಡಕ್ಕೆ ಕಿವಿಯಿಟ್ಟು ಒಳಗಿನ ಸದ್ದನ್ನು ಆಲಿಸುವನು. ದುಂಬಿಯ ಗಾಯ, ಕತ್ತಿಯ ಗಾಯಗಳಿಂದಲೇ ಈ ಹುಳುವಿಗೆ ದಾರಿಯಾಗುವುದೆಂಬುದೂ ಅವನಿಗೆ ಗೊತ್ತು. ಮಗನನ್ನು ನೆಂಟರೆದುರು ಜರೆದ ಮಾತು, ಮಗಳ ಅಂಕಗಳನ್ನು ನೆರೆಮನೆಯವಳ ಅಂಕಗಳೊಡನೆ ತೂಗಿದ ಮಾತು ಅಂತಹ ಗಾಯಗಳಲ್ಲವೆ?

ಹಿಂದಿನ ಕಾಲವೇ ಲೇಸೆಂದು ಹಲುಬುವುದರಿಂದ ಫಲವಿಲ್ಲ. ಎಳೆಯ ಪ್ರಾಯದಲ್ಲೇ ಮದುವೆಯಾಗಿ ಹೋದ ಹೆಣ್ಣುಮಕ್ಕಳು ನುಂಗಿದ ದುಃಖವನ್ನು ಎಣಿಸಿದವರಾರು? ಅಂದು ಹುಡುಗನು ಹಿರಿಯರೊಡನೆ ಹೊಲದಲ್ಲಿದ್ದನು, ಜಗಲಿಯ ಮಾತಿನಲ್ಲಿದ್ದನು. ಇಂದು ಪರೀಕ್ಷೆಯ ಭಯದೊಡನೆ, ವಿದ್ಯಾರ್ಥಿನಿಲಯದಲ್ಲಿ, ಕೈಯ ಮೊಬೈಲಿನ ಮುಂದೆ ಒಬ್ಬನೇ ಇರುವನು. 2020ರ ಮಾರ್ಚಿಯಲ್ಲಿ ಶಾಲೆಗಳು ಮುಚ್ಚಿದಾಗ ಪಾಠವೂ ಆ ಗಾಜಿನೊಳಗೆ ಸೇರಿತು.

ಬಸವಣ್ಣನವರೂ ಎಳೆಯ ಪ್ರಾಯದಲ್ಲೇ ಬಾಗೇವಾಡಿಯ ಮನೆಯ ಕಟ್ಟಳೆಯನ್ನು ಒಪ್ಪದೆ ಕೂಡಲಸಂಗಮಕ್ಕೆ ನಡೆದವರು. ಆದುದರಿಂದ ಪ್ರಶ್ನೆ ಕೇಳುವ ಮಗುವಿಗೆ ಅಂಜಬೇಕಾದುದಿಲ್ಲ. ನಿದ್ರೆ ಕೆಟ್ಟು, ಊಟ ಬಿಟ್ಟು, ಗೆಳೆಯರನ್ನು ತೊರೆದು, ವಾರಗಟ್ಟಲೆ ಮಂಕಾಗಿರುವ ಮಗುವಿನ ಬಳಿ ತಡಮಾಡದೆ ಕುಳಿತುಕೊಳ್ಳಬೇಕು. ಬದುಕಿ ಏನು ಫಲವೆಂಬ ನುಡಿ ಅದರ ಬಾಯಲ್ಲಿ ಬಂದರೆ ಹಾಸ್ಯವೆಂದು ತಳ್ಳಬಾರದು. ಲಿಂಗಪೂಜೆ ಮುಗಿಸಿದ ತಂದೆಯು ಮಗನೆದುರು ಅರ್ಧ ಗಳಿಗೆ ಮೌನವಾಗಿ ಕುಳಿತು ಅವನ ಮಾತನ್ನು ಕೇಳಿದರೆ ಅದೂ ದಾಸೋಹವೇ ಸರಿ. ಅನ್ನವಿಕ್ಕುವುದಷ್ಟೇ ದಾಸೋಹವಲ್ಲ, ಕಿವಿಗೊಡುವುದೂ ದಾಸೋಹ.

ಮನಸ್ಸಿನ ವ್ಯಾಧಿಯು ಪಾಪದ ಫಲವಲ್ಲ, ಮನೆತನದ ಕಳಂಕವೂ ಅಲ್ಲ. ಪೂಜೆಯು ಮನಸ್ಸಿಗೆ ಆಸರೆಯಾಗುವುದು. ಆದರೆ ವೈದ್ಯರ ನೆರವನ್ನು ಬೇಡವೆನ್ನಲು ಅದನ್ನು ನೆಪ ಮಾಡಬಾರದು. 2022ರ ಅಕ್ಟೋಬರ್ 10ರಂದು ಆರಂಭವಾದ ಸರ್ಕಾರದ ಟೆಲಿ ಮಾನಸ್ ವ್ಯವಸ್ಥೆಗೆ 14416 ಸಂಖ್ಯೆಯ ಮೂಲಕ ಹಗಲಿರುಳೂ, ಹಣವಿಲ್ಲದೆ, ಕನ್ನಡದಲ್ಲಿಯೇ ಮಾತನಾಡಬಹುದು.

ತೋಟದ ಮರಕ್ಕೆ ಕಿವಿಗೊಡುವ ಗೃಹಸ್ಥನು ಮನೆಯ ಕುಡಿಗೂ ಕಿವಿಗೊಡಲಿ. ಹಸುರಾಗಿ ಕಂಡಿತೆಂದು ಮರೆಯದಿರಲಿ.