ತಾತನ ಹೆಸರು

ಭದ್ರಾವತಿಯ ತಮ್ಮನ ಮನೆಯಲ್ಲಿ ಅವನ ಮಗ ಪ್ಲಾಸ್ಟಿಕ್ ತುಂಡುಗಳನ್ನು ಅಂಟಿಸಿ ಡಕೋಟಾ ವಿಮಾನದ ಮಾದರಿ ಮಾಡುತ್ತ ಕುಳಿತಿದ್ದ. ಕೊನೆಗೆ ಅದರ ಮೈಮೇಲೆ 'ವಿಪಿ 905' ಎಂದು ಬರೆದ. 1947ರ ಅಕ್ಟೋಬರ್ 27ರಂದು ಶ್ರೀನಗರಕ್ಕೆ ನಮ್ಮ ಸೈನಿಕರನ್ನು ಹೊತ್ತೊಯ್ದ ವಿಮಾನದ ಸಂಖ್ಯೆ ಅದು. ಆಗ ಕರ್ನಾಟಕದಿಂದ ರಾಜ್ಯಸಭೆಯಲ್ಲಿದ್ದ ರಾಜೀವ್ ಚಂದ್ರಶೇಖರ್ ಬೇರೊಂದು ಹಳೆಯ ಡಕೋಟಾವನ್ನು ಇಂಗ್ಲೆಂಡಿನಲ್ಲಿ ದುರಸ್ತಿ ಮಾಡಿಸಿ, 2018ರಲ್ಲಿ ವಾಯುಪಡೆಗೆ ಕೊಟ್ಟರು. ಅವರ ತಂದೆ ಡಕೋಟಾ ಹಾರಿಸಿದವರು. 'ಪರಶುರಾಮ' ಎಂಬ ಆ ವಿಮಾನಕ್ಕೆ ಹಳೆಯ ಸಂಖ್ಯೆಯನ್ನೇ ಬರೆದರು.

"ಅದು ಆ ವಿಮಾನ ಅಲ್ಲವಲ್ಲ ಅತ್ತೆ, ಸುಳ್ಳಲ್ವಾ?" ಎಂದ ಹುಡುಗ.

ನನಗೆ ಚುರುಕ್ಕೆಂದಿತು. ಅಪ್ಪ ಕಬ್ಬಿಣದ ಕಾರ್ಖಾನೆಗೆ ಹೋಗಿಬರುತ್ತಿದ್ದ ಸೈಕಲ್ಲನ್ನು ನಾನು ಶಿವಮೊಗ್ಗಕ್ಕೆ ಒಯ್ದು ರಿಪೇರಿ ಮಾಡಿಸಿದ್ದೆ. ಚೈನು, ಚಕ್ರ, ಸೀಟು, ಬಣ್ಣ ಎಲ್ಲ ಹೊಸದು. "ಇದರಲ್ಲಿ ಅಪ್ಪ ಎಲ್ಲಿದ್ದಾರಕ್ಕಾ?" ಎಂದು ತಮ್ಮ ಕೇಳಿದ್ದಕ್ಕೆ ತಿಂಗಳುಗಟ್ಟಲೆ ಅವನೊಡನೆ ಮಾತು ಬಿಟ್ಟಿದ್ದೆ.

"ನಿನಗೆ ತಾತನ ಹೆಸರಿಟ್ಟಿದ್ದಾರಲ್ಲ, ಅದೂ ಸುಳ್ಳೇನೋ?" ಎಂದೆ.

"ನನ್ನನ್ನೇ ತಾತ ಅಂತ ಯಾರೂ ಹೇಳೋಲ್ವಲ್ಲ!" ಎಂದು ನಕ್ಕ.

ಹೌದು. ಹೆಸರು ಹೊರುವುದು ಋಣ ಒಪ್ಪಿಕೊಂಡಂತೆ, ಅದರಲ್ಲಿ ತಪ್ಪಿಲ್ಲ. ಇದೇ ಅದು ಎಂದು ನಂಬಿಸಹೊರಟಾಗಲೇ ಸುಳ್ಳು. ಮನೆಗೆ ಬಂದವರಿಗೆಲ್ಲ ನಾನು ಹೇಳಿದ್ದು ಅದನ್ನೇ: "ನಮ್ಮಪ್ಪ ತುಳಿದ ಸೈಕಲ್ಲು ಇದೇ." ಅಪ್ಪನ ಊಟದ ಕ್ಯಾರಿಯರ್ ಉಜ್ಜಿ ಉಜ್ಜಿ ಹ್ಯಾಂಡಲಿನ ಮೇಲೆ ಬಿದ್ದಿದ್ದ ಗೀರನ್ನು ಅಳಿಸಿ ಬಣ್ಣ ಬಳಿಸಿದವಳೂ ನಾನೇ.

ಹೊರಡುವಾಗ ತಮ್ಮನಿಗೆ ಹೇಳಿದೆ: "ಫ್ರೇಮು ಮಾತ್ರ ಅಪ್ಪನದು ಕಣೋ. ಉಳಿದದ್ದು ನನ್ನ ಆಸೆ."

ಅವನು ಬಸ್‌ಸ್ಟ್ಯಾಂಡಿನವರೆಗೂ ಜೊತೆಗೆ ಬಂದ.