ಕಿವಿಯೊಳಗಿನ ಧ್ಯಾನಗುರು

ಹೋದ ತಿಂಗಳು ಭಾನುವಾರದ ಬಲಿಪೂಜೆ ಮುಗಿದ ಮೇಲೆ ನಮ್ಮ ಧರ್ಮಕೇಂದ್ರದ ತಾಯಿಯೊಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. "ಮೇಷ್ಟ್ರೇ, ನನ್ನ ಮಗಳು ಜಪಸರಕ್ಕೆ ಕೂರುವುದೇ ಇಲ್ಲ. ಆದರೆ ರಾತ್ರಿ ಕೆಲಸ ಮುಗಿಸಿ ಬಂದು, ಮೊಬೈಲಿನ ವಯರನ್ನು ಕಿವಿಗೆ ಸಿಕ್ಕಿಸಿಕೊಂಡು ಹತ್ತು ನಿಮಿಷ ಕಣ್ಣು ಮುಚ್ಚಿ ಕೂರುತ್ತಾಳೆ. ಅದೇನೋ ಧ್ಯಾನದ ಆ್ಯಪ್ ಅಂತೆ. ಇದು ಪಾಪವೇ?" ಎಂದರು. ಅವರ ಕಣ್ಣು ತುಂಬಿತ್ತು.

ಪಾಪವೆನ್ನಲು ನನಗೆ ಬಾಯಿ ಬರಲಿಲ್ಲ. ನಮ್ಮ ಎಷ್ಟೋ ಮನೆಗಳಲ್ಲಿ, ನನ್ನ ಮನೆಯಲ್ಲೂ, ಜಪಸರ ಓಟದ ಪಂದ್ಯದಂತೆ ಸಾಗುತ್ತದೆ. ಒಂದು ಕಣ್ಣು ಗಡಿಯಾರದ ಮೇಲೆ, ಇನ್ನೊಂದು ಒಲೆಯ ಮೇಲೆ. ನಮ್ಮ ಬಳಿ ಸಿಗದ ಮೌನವನ್ನು ಆ ಹುಡುಗಿ ಬೇರೆಡೆ ಹುಡುಕಿರಬಹುದು.

ಇಂಥ ಆ್ಯಪ್‌ಗಳು ಈಗ ಹಲವಾರಿವೆ. 2010ರಲ್ಲಿ ಲಂಡನ್ನಿನಲ್ಲಿ ಆರಂಭವಾದ ಹೆಡ್‌ಸ್ಪೇಸನ್ನು ಕಟ್ಟಿದವರಲ್ಲಿ ಒಬ್ಬರು ಹಿಂದೆ ಬೌದ್ಧ ಭಿಕ್ಷುವಾಗಿದ್ದವರು. ಕಥೋಲಿಕರದ್ದೂ ಇವೆ: ಬ್ರಿಟನ್ನಿನ ಯೇಸುಸಭೆಯವರು 2006ರಲ್ಲಿ ಶುರುಮಾಡಿದ 'ಪ್ರೇ ಆ್ಯಸ್ ಯು ಗೋ', ಅಮೆರಿಕದಲ್ಲಿ 2018ರಲ್ಲಿ ಬಂದ 'ಹ್ಯಾಲೋ'. ಹಾಗಾದರೆ ನಮ್ಮವರದ್ದನ್ನು ಆರಿಸಿಕೊಂಡರೆ ಆಯಿತಲ್ಲ ಎನ್ನುವಿರಿ. ಅಷ್ಟು ಸುಲಭವಿಲ್ಲ.

ವಿಶ್ವಾಸ ಸಿದ್ಧಾಂತದ ಹೊಣೆ ಹೊತ್ತ ವ್ಯಾಟಿಕನ್ ಆಯೋಗವು ಕ್ರೈಸ್ತ ಧ್ಯಾನದ ಬಗ್ಗೆ 1989ರಲ್ಲಿ ಧರ್ಮಾಧ್ಯಕ್ಷರುಗಳಿಗೆ ಪತ್ರವೊಂದನ್ನು ಬರೆಯಿತು. ಸಹಿ ಹಾಕಿದವರು, ಮುಂದೆ ಪೋಪ್ 16ನೇ ಬೆನೆಡಿಕ್ಟರಾದ ಕಾರ್ಡಿನಲ್ ರಾಟ್ಜಿಂಗರ್. ಬೇರೆ ಧರ್ಮಗಳ ಧ್ಯಾನಪದ್ಧತಿಗಳನ್ನು ಅವು ಕ್ರೈಸ್ತವಲ್ಲ ಎಂಬ ಒಂದೇ ಕಾರಣಕ್ಕೆ ತಳ್ಳಿಹಾಕಬಾರದು ಎನ್ನುತ್ತದೆ ಆ ಪತ್ರ. ಆದರೆ ಮೈಮನಗಳಿಗೆ ಆಗುವ ಹಿತವನ್ನೇ ಪವಿತ್ರಾತ್ಮರ ಸಾಂತ್ವನವೆಂದು ತಿಳಿಯುವುದು ತಪ್ಪು ಎಂದೂ ಎಚ್ಚರಿಸುತ್ತದೆ. ಈ ಎಚ್ಚರಿಕೆ ಕ್ರೈಸ್ತ ಆ್ಯಪಿಗೂ ಸಲ್ಲುತ್ತದೆ. ಹಿನ್ನೆಲೆಯ ಇಂಪಾದ ಸಂಗೀತಕ್ಕೆ ಮನಸ್ಸು ಹಗುರಾದರೆ, ದೇವರೊಡನೆ ಮಾತಾಡಿದಂತಾಯಿತೇ?

ಆಯ್ಕೆಗೆ ನನಗೆ ದಾರಿ ತೋರಿಸಿದ್ದು ಲೊಯೋಲದ ಸಂತ ಇಗ್ನೇಷಿಯಸರ 'ಆಧ್ಯಾತ್ಮಿಕ ಸಾಧನೆ'. 1548ರಲ್ಲಿ ಅಚ್ಚಾದ ಪುಸ್ತಕವದು. ಧ್ಯಾನ ಮಾಡಿಸುವ ಗುರು ತಕ್ಕಡಿಯ ಮುಳ್ಳಿನಂತೆ ನಡುವೆ ನಿಲ್ಲಬೇಕು, ಸೃಷ್ಟಿಕರ್ತರೇ ಆ ಆತ್ಮದೊಡನೆ ನೇರವಾಗಿ ವ್ಯವಹರಿಸಲು ಬಿಡಬೇಕು ಎನ್ನುತ್ತಾರೆ ಅವರು. ಗುರು ಹಿಂದೆ ಸರಿಯಬೇಕು. ಆ್ಯಪ್ ಸರಿಯುತ್ತದೆಯೇ? "ಸತತ 20 ದಿನ ಮಾಡಿದ್ದೀರಿ, ಇಂದು ತಪ್ಪಿಸಬೇಡಿ" ಎಂದು ಗಂಟೆ ಬಾರಿಸುತ್ತದೆ. ಚಂದಾ ಪಡೆಯುವ ಕಂಪನಿಗೆ ನಾವು ಬಿಟ್ಟುಹೋದರೆ ನಷ್ಟ. ಏಳು ದಿನ ಉಚಿತವೆಂದು ಸೇರಿಸಿಕೊಂಡು, ಎಂಟನೆಯ ದಿನ ಬ್ಯಾಂಕ್ ಕಾರ್ಡಿನಿಂದ ಇಡೀ ವರ್ಷದ ಹಣ ಕಡಿದುಕೊಳ್ಳುವವೂ ಉಂಟು; ನನಗೇ ಆದ ಅನುಭವ. ಇನ್ನು ಅದರ ದಿನಚರಿಯಲ್ಲಿ ಬರೆಯುವ ಮಾತುಗಳು ಯಾವುದೋ ಕಂಪ್ಯೂಟರಿನಲ್ಲಿ ಸಂಗ್ರಹವಾಗುತ್ತವೆ. ಪಾಪನಿವೇದನೆಯ ಗುಟ್ಟು ಕಾಯುವ ಗುರುಗಳಿದ್ದಂತೆ ಅಲ್ಲಿ ಯಾರೂ ಇಲ್ಲ.

ಆದ್ದರಿಂದ ಆ ತಾಯಿಗೆ ಹೇಳಿದೆ: "ಯಾವ ಆ್ಯಪ್ ಎಂದು ಜಗಳವಾಡಬೇಡಿ ತಾಯಿ. ಅದನ್ನು ಆರಿಸಿದಾಗ ಅವಳು ಐದು ನಿಮಿಷ ಸುಮ್ಮನೆ ಕೂರಬಲ್ಲಳೇ, ಕೇಳಿ. ಕೂರಬಲ್ಲಳಾದರೆ ಅದು ಅವಳಿಗೆ ಏನನ್ನೋ ಕಲಿಸಿದೆ. ಆಗದಿದ್ದರೆ ಬೇರೆಯದನ್ನು ಹುಡುಕಲಿ." ನಿದ್ರೆಯೇ ಬಾರದಿದ್ದರೆ, ಸದಾ ದುಃಖವೇ ಇದ್ದರೆ ಮೊದಲು ಡಾಕ್ಟರರನ್ನು ಕಾಣಬೇಕೆಂದೂ ಹೇಳಿದೆ, ಅದು ಆ್ಯಪಿನ ಕೆಲಸವಲ್ಲ.

ಜೊತೆಗೆ ಇಗ್ನೇಷಿಯಸರು ಹೇಳಿಕೊಟ್ಟ ಒಂದು ರೀತಿಯನ್ನೂ ತಿಳಿಸಿದೆ: ಕರ್ತರು ಕಲಿಸಿದ ಪ್ರಾರ್ಥನೆಯನ್ನು ಒಂದು ಉಸಿರಿಗೆ ಒಂದೇ ಪದದಂತೆ ಹೇಳುವುದು. ಉಸಿರಿನ ಧ್ಯಾನ ನಮ್ಮ ಧರ್ಮಸಭೆಗೇನೂ ಹೊಸದಲ್ಲ.

ಮೊನ್ನೆ ಆ ತಾಯಿ ಮತ್ತೆ ಸಿಕ್ಕರು. ರಾತ್ರಿ ಮಗಳು ಬರುವ ತನಕ ಎಚ್ಚರವಿದ್ದು, ಮೊಬೈಲನ್ನು ಅಡುಗೆಮನೆಯ ಕಪಾಟಿನಲ್ಲಿಟ್ಟು ಇಬ್ಬರೂ ಒಟ್ಟಿಗೆ ಕೂತರಂತೆ. ಅಭ್ಯಾಸಬಲದಿಂದ ತಾಯಿ 'ಆಮೆನ್' ಎಂದು ಕಣ್ಣು ಬಿಟ್ಟಾಗ, ಮಗಳು ಇನ್ನೂ ಅನುದಿನದ ಆಹಾರದ ಹತ್ತಿರವೇ ಇದ್ದಳಂತೆ. "ಕಾದೆ ಮೇಷ್ಟ್ರೇ" ಎಂದು ನಕ್ಕರು.