ನೆಲಕ್ಕಂಟದ ನೆಲ

ಕೆಳಗಿನ ಕಾಂಕ್ರೀಟಿಗೆ ಅಂಟು ಹಾಕದೆ, ಮೊಳೆ ಹೊಡೆಯದೆ, ಅದರ ಮೇಲೆ ಸುಮ್ಮನೆ ಹಾಸಿದ ನೆಲಕ್ಕೆ ತೇಲುನೆಲ ಎನ್ನಬಹುದು. ಬಿದಿರಿನ ಹಲಗೆಗಳು ಒಂದರ ಅಂಚಿಗೊಂದು ಸಿಕ್ಕಿಕೊಂಡು ಇಡೀ ಕೋಣೆಗೆ ಒಂದೇ ಚಾಪೆಯಂತಾಗುತ್ತವೆ. ಅವುಗಳ ಕೆಳಗೆ ಎರಡು ಮೂರು ಮಿಲಿಮೀಟರ್ ದಪ್ಪದ ಫೋಮ್, ಅದರಡಿ ಪಾಲಿಥೀನ್ ಹಾಳೆ. ಸುತ್ತಲೂ ಗೋಡೆಯಿಂದ 10–12 ಮಿ.ಮೀ. ಎಡೆ ಬಿಟ್ಟು, ಆ ಎಡೆ ಕಾಣದಂತೆ ಸ್ಕರ್ಟಿಂಗ್ ಪಟ್ಟಿ ಹೊಡೆಯುತ್ತಾರೆ. ಸಗಣಿ ಸಾರಿಸಿದ ಮಣ್ಣು, ಕಾವಿ, ಚೆಟ್ಟಿನಾಡಿನ ಆತ್ತಂಗುಡಿ ಹೆಂಚು, ಮೊಸಾಯಿಕ್, ಟೈಲ್ಸ್ ಇವೆಲ್ಲವನ್ನೂ ಕಂಡ ತಮಿಳುನಾಡಿನ ತೇನಿ, ಕಂಬಂ ಕಣಿವೆ, ದಿಂಡಿಗಲ್ ಸೀಮೆಗೆ ಇದು ಹೊಸ ಬಗೆ. ಹಾಸಿದ ಕೆಲವೇ ತಿಂಗಳಲ್ಲಿ ಹಲಗೆ ಉಬ್ಬುವುದು, ಬಿರಿಯುವುದು, ಕಾಲಿಟ್ಟಲ್ಲಿ ಸದ್ದು ಮಾಡುವುದು ಇದರ ಸಾಮಾನ್ಯ ದೂರುಗಳು. ಇವುಗಳ ಹಿಂದೆಯೇ ಹಿರಿಯರ ಬಾಯಲ್ಲಿ ಇನ್ನೊಂದು ಪ್ರಶ್ನೆ ಏಳುತ್ತದೆ: ಭೂಮಿಗೆ ಅಂಟದ ಇದು ನೆಲವೇ? ಇದರ ಮೇಲೆ ಕಲಶವಿಟ್ಟರೆ ನೆಲದ ಮೇಲಿಟ್ಟಂತಾಯಿತೇ? ಒಂದು ಬಡಗಿಯ ಪ್ರಶ್ನೆ, ಇನ್ನೊಂದು ಧರ್ಮದ ಪ್ರಶ್ನೆ ಎಂದು ತೋರಿದರೂ ಎರಡರ ಬುಡದಲ್ಲಿರುವುದು ಒಂದೇ: ಸ್ಥಿರ ಎಂದರೇನು?

ಹಿರಿಯರ ಪ್ರಶ್ನೆ ತಳ್ಳಿಹಾಕುವಂಥದಲ್ಲ. ಬೆಳಗ್ಗೆ ಎದ್ದವರು ಕಾಲೂರುವ ಮೊದಲು ಭೂಮಿ ಮುಟ್ಟಿ ಕ್ಷಮೆ ಬೇಡುವುದು, ಸಾರಿಸಿ ರಂಗೋಲಿ ಎಳೆಯುವುದು, ನೆಲದ ಮೇಲೆ ಅಕ್ಕಿ ಹರಡಿ ಕಲಶ ಕೂರಿಸುವುದು, ಪ್ರಾಣ ಹೋಗುವ ಹೊತ್ತಿಗೆ ಮನುಷ್ಯನನ್ನು ಮಂಚದಿಂದ ನೆಲಕ್ಕಿಳಿಸುವುದು — ಮನೆಯ ಧರ್ಮದಲ್ಲಿ ಮೊದಲೂ ಕೊನೆಯೂ ನೆಲದ ಮೇಲೆಯೇ ನಡೆಯುತ್ತವೆ. ಈ ಸೀಮೆಯಲ್ಲಿ ತಲೆಮಾರುಗಳಿಂದ ನೆಲೆಸಿರುವ ಕನ್ನಡದ ಮನೆಗಳಲ್ಲೂ ಹಾಗೆಯೇ. ತಮಿಳಿನಲ್ಲಿ ಕಾಪ್ಪಿಲಿಯರ್ ಎನಿಸಿಕೊಂಡ ಒಕ್ಕಲಿಗರು, ಅನುಪ್ಪರು, ನೇಯ್ಗೆಯ ದೇವಾಂಗರು ಮನೆಯೊಳಗೆ ಕನ್ನಡವಾಡುತ್ತಾರೆ, ಬರೆಯುವುದು ತಮಿಳಿನಲ್ಲಿ. ಅವರ ಮಾತಿನಲ್ಲಿ ‘ನೆಲ’ ಎಂಬ ಒಂದೇ ಪದ ಹೊಲಕ್ಕೂ ಸಲ್ಲುತ್ತದೆ, ಹಜಾರಕ್ಕೂ ಸಲ್ಲುತ್ತದೆ.

ವೈಶೇಷಿಕ ದರ್ಶನದ ಅಳತೆಗೋಲಿನಿಂದ ನೋಡಿದರೆ ಪ್ರಶ್ನೆಯ ಅರ್ಧ ಬೇಗ ಬಗೆಹರಿಯುತ್ತದೆ. ಆ ದರ್ಶನದಲ್ಲಿ ಪೃಥ್ವಿ ಎಂದರೆ ಹೊಲದ ಮಣ್ಣಷ್ಟೇ ಅಲ್ಲ. ಗಂಧ ಯಾವುದರ ಗುಣವೋ ಅದು ಪೃಥ್ವಿ. ಮಡಕೆ, ಮರ, ಮನುಷ್ಯನ ಶರೀರ ಎಲ್ಲವೂ ಪಾರ್ಥಿವ. ಬಿದಿರೂ ಪಾರ್ಥಿವವೇ, ಹೊಸ ಹಲಗೆಯ ಕಟ್ಟು ಬಿಚ್ಚಿದಾಗ ಮೂಗಿಗೆ ಬಡಿಯುವ ವಾಸನೆಯೇ ಅದಕ್ಕೆ ಸಾಕ್ಷಿ. ಇನ್ನು ಅಂಟು. ವೈಶೇಷಿಕರು ಸಂಬಂಧವನ್ನು ಎರಡಾಗಿ ಎಣಿಸುತ್ತಾರೆ. ನೂಲಿನಲ್ಲಿ ಬಟ್ಟೆ ಇರುವಂತೆ ಬಿಡಿಸಲಾಗದ್ದು ಸಮವಾಯ, ಮಣೆಯ ಮೇಲೆ ಚೊಂಬು ಇರುವಂತೆ ಕೂಡಿ ಅಗಲಬಲ್ಲದ್ದು ಸಂಯೋಗ. ಗಾರೆಯಲ್ಲಿ ಕೂರಿಸಿದ ಟೈಲ್ಸಿಗೂ ಭೂಮಿಗೂ ಇರುವುದು ಸಂಯೋಗ, ತೇಲುನೆಲಕ್ಕೂ ಭೂಮಿಗೂ ಇರುವುದು ಸಂಯೋಗ. ಎಷ್ಟು ಗಟ್ಟಿಯಾಗಿ ಅಂಟಿಸಿದರೂ ಸಂಯೋಗ ಸಮವಾಯವಾಗದು. ಮೂರನೆಯ ಅಂತಸ್ತಿನ ಫ್ಲ್ಯಾಟಿನಲ್ಲಿ ಹೋಮ ಮಾಡಿ ಅದನ್ನು ನೆಲವೆಂದು ಒಪ್ಪಿದವರು, ಫೋಮಿನ ಮೇಲಿನ ಬಿದಿರನ್ನು ಮಾತ್ರ ನೆಲವಲ್ಲ ಎನ್ನಲು ಕಾರಣವಿಲ್ಲ.

ಬಿದಿರಿನ ಶುದ್ಧಿಯ ಬಗ್ಗೆಯೂ ಅನುಮಾನ ಬೇಕಿಲ್ಲ. ಗೌರಿಹಬ್ಬದ ಬಾಗಿನ ಸಲ್ಲುವುದು ಬಿದಿರಿನ ಮೊರದಲ್ಲಿ. ತೊಟ್ಟಿಲಿಗೂ ಬಿದಿರು, ಚಟ್ಟಕ್ಕೂ ಬಿದಿರು. ಸಂಸ್ಕೃತದಲ್ಲಿ ‘ವಂಶ’ವೆಂದರೆ ಬಿದಿರು, ಕುಲವೂ ಹೌದು. ಆದುದರಿಂದಲೇ ಹಲವೆಡೆ ಬಿದಿರನ್ನು ಒಲೆಗಿಡುವುದಿಲ್ಲ. ಮರವೆಂದು ಅದನ್ನು ಕರೆದವರು ಉಂಟು, ಆದರೆ ಸಸ್ಯಶಾಸ್ತ್ರಕ್ಕೆ ಅದು ಹುಲ್ಲು. 1927ರ ಭಾರತೀಯ ಅರಣ್ಯ ಕಾಯ್ದೆ ಅದನ್ನು ಮರಗಳ ಸಾಲಿಗೆ ಸೇರಿಸಿತ್ತು, 2017ರ ತಿದ್ದುಪಡಿ ಆ ಸಾಲಿನಿಂದ ತೆಗೆಯಿತು. ಮರವಾಗಲಿ ಹುಲ್ಲಾಗಲಿ, ನೆಲ ಹಾಸುವವರಿಗೆ ಮುಖ್ಯವಾದುದು ಅದರ ತೇವದ ಸ್ವಭಾವ. ಕಡಿದು, ಸೀಳಿ, ಪಿಷ್ಟ ಹೋಗುವಂತೆ ಬೇಯಿಸಿ, ಒಣಗಿಸಿ, ಅಂಟಿನಲ್ಲಿ ಒತ್ತಿ ಹಲಗೆ ಮಾಡಿದ ಮೇಲೂ ಬಿದಿರು ಗಾಳಿಯ ತೇವವನ್ನು ಹೀರುವುದನ್ನು ಬಿಡುವುದಿಲ್ಲ. ತೇವ ಕುಡಿದಾಗ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಕಂಬಂ ಕಣಿವೆಯಂಥ ಜಾಗದಲ್ಲಿ, ಹಿಂಗಾರಿನ ಅಕ್ಟೋಬರ್–ಡಿಸೆಂಬರ್‌ಗೂ ಏಪ್ರಿಲ್–ಮೇ ಬಿಸಿಲಿಗೂ ನಡುವೆ, ಈ ಹಿಗ್ಗು ಕುಗ್ಗು ಪ್ರತಿವರ್ಷ ನಡೆಯಲೇಬೇಕು.

ಹೊಸ ನೆಲ ಕೆಡುವುದಕ್ಕೆ ದೊಡ್ಡ ಕಾರಣ ಅವಸರ, ಆ ಅವಸರ ಹಲವು ಸಲ ಪಂಚಾಂಗದಿಂದ ಬರುತ್ತದೆ. ತಮಿಳು ತಿಂಗಳಾದ ಮಾರ್ಗಳಿಯಲ್ಲಿ ಗೃಹಪ್ರವೇಶ ಮಾಡುವುದಿಲ್ಲ, ಮುಂದಿನ ತಿಂಗಳು ತೈ ಹುಟ್ಟುವುದನ್ನೇ ಕಾಯುತ್ತಾರೆ. ತೈ ಬರುವುದು ಜನವರಿ ನಡುವಿನಲ್ಲಿ, ಆಗಷ್ಟೇ ಮಳೆಗಾಲ ಮುಗಿದಿರುತ್ತದೆ. ಮಳೆಯಲ್ಲಿ ಹಾಕಿದ ಕಾಂಕ್ರೀಟಿನೊಳಗೆ ನೀರು ಇನ್ನೂ ಇರುತ್ತದೆ. ಕ್ಯೂರಿಂಗಿನ 28 ದಿನ ಕಾಂಕ್ರೀಟು ಬಲಿಯುವ ಲೆಕ್ಕವೇ ಹೊರತು ಒಣಗುವ ಲೆಕ್ಕವಲ್ಲ. ಒಣಗುವುದು ತಿಂಗಳಿಗೆ ಸುಮಾರು 25 ಮಿ.ಮೀ. ದಪ್ಪ ಎಂಬುದು ಕಟ್ಟುವವರ ಒರಟು ಲೆಕ್ಕ. ನಾಲ್ಕು ಇಂಚಿನ ಹಾಸಿಗೆ ನಾಲ್ಕು ತಿಂಗಳು. ಪರೀಕ್ಷೆ ಬಹಳ ಸುಲಭ: ಒಂದೂವರೆ ಅಡಿ ಚೌಕದ ಪಾಲಿಥೀನ್ ಹಾಳೆಯನ್ನು ಕಾಂಕ್ರೀಟಿನ ಮೇಲೆ ಹರಡಿ, ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ ಒಂದು ದಿನ ಬಿಡಬೇಕು. ಮರುದಿನ ಹಾಳೆ ಎತ್ತಿದಾಗ ಒಳಮೈಯಲ್ಲಿ ಹನಿಗಟ್ಟಿದ್ದರೆ, ಇಲ್ಲವೇ ಕಾಂಕ್ರೀಟು ಆ ಚೌಕದಷ್ಟೇ ಕಪ್ಪಾಗಿದ್ದರೆ, ನೆಲ ಇನ್ನೂ ನೀರು ಬಿಡುತ್ತಿದೆ. ಅದರ ಮೇಲೆ ಹಾಸಿದ ಹಲಗೆ ಕೆಳಮೈಯಿಂದ ತೇವ ಕುಡಿದು, ಅಂಚು ಮೇಲೆದ್ದು, ನಡು ತಗ್ಗಿ ದೋಣಿಯಂತಾಗುತ್ತದೆ. ಬೇರೆ ಊರಿನ ಗೋದಾಮಿನಿಂದ ಬಂದ ಹಲಗೆಯನ್ನು ಅದೇ ಕೋಣೆಯಲ್ಲಿ ಕನಿಷ್ಠ ಮೂರು ದಿನ, ಒತ್ತಿ ಮಾಡಿದ ದಟ್ಟ ಹಲಗೆಯಾದರೆ ಇನ್ನೂ ಹೆಚ್ಚು ದಿನ, ಇಟ್ಟು ಆ ಊರಿನ ಹವೆಗೆ ಒಗ್ಗಿಸಬೇಕು. ಅವಸರದಲ್ಲಿ ಮೊದಲು ಬಿಟ್ಟುಹೋಗುವುದು ಇದೇ.

ಹಾಗಾದರೆ ಮುಹೂರ್ತಕ್ಕೂ ವಸ್ತುವಿನ ಸ್ವಭಾವಕ್ಕೂ ಜಗಳವೇ? ಒಕ್ಕಲುತನದ ಮನೆಯಲ್ಲಿ ಈ ಜಗಳ ಎಂದೋ ತೀರಿದೆ. ಬಿತ್ತನೆಗೆ ಒಳ್ಳೆಯ ದಿನ ನೋಡುತ್ತಾರೆ, ನಿಜ. ಆದರೆ ಮಳೆ ಬಿದ್ದ ಮರುಗಳಿಗೆ ಕೂರಿಗೆ ಹೂಡುವುದಿಲ್ಲ, ಹದ ಬರಲೆಂದು ಕಾಯುತ್ತಾರೆ. ಒಂದು ಹಿಡಿ ಮಣ್ಣು ಮುದ್ದೆ ಮಾಡಿ, ಅದು ಅಂಟದೆ ಉದುರುವುದನ್ನು ನೋಡಿ, ಆಮೇಲೆ ಹೊಲಕ್ಕಿಳಿಯುತ್ತಾರೆ. ಕಾಲದ ಶುಭವನ್ನು ಪಂಚಾಂಗ ಹೇಳುತ್ತದೆ, ಹದವನ್ನು ವಸ್ತುವೇ ಹೇಳಬೇಕು. ಗೃಹಪ್ರವೇಶದ ಮುಹೂರ್ತ ಇರುವುದು ಮನೆ ಹೊಗುವುದಕ್ಕೆ, ಹಲಗೆ ಹಾಸುವುದಕ್ಕಲ್ಲ. ಬರಿ ಕಾಂಕ್ರೀಟಿನ ಮೇಲೆಯೇ ಹಾಲು ಉಕ್ಕಲಿ, ಹೋಮ ನಡೆಯಲಿ, ಕರುವಿನೊಂದಿಗೆ ಹಸು ಬಂದು ಹೋಗಲಿ. ಗೊರಸು, ಬೆಂಕಿ, ನೀರು, ಉಕ್ಕಿದ ಹಾಲು ಇವನ್ನೆಲ್ಲ ತಾಳುವ ನೆಲ ಅದೇ. ಬಿದಿರು ಬೇಸಿಗೆ ನಡುವಿನ ಹೊತ್ತಿಗೆ ಬಂದರೆ ಶಾಸ್ತ್ರಕ್ಕೆ ಒಂದಿಷ್ಟೂ ಊನವಿಲ್ಲ.

ನೆಲ ಕೆಡುವುದಕ್ಕೆ ಎರಡನೆಯ ಕಾರಣ, ತೇಲುವುದನ್ನು ತೇಲಲು ಬಿಡದಿರುವುದು. ಗೋಡೆಗೆ ತಾಗುವಂತೆ ಹಲಗೆ ಕೊಯ್ದರೆ, ಹಲಗೆಯ ಮೂಲಕ ಬಾಗಿಲಿನ ತಡೆಗೆ ಸ್ಕ್ರೂ ಹೊಡೆದರೆ, ಅಡುಗೆಮನೆಯ ಕಬ್ಬಿಣದಂಥ ಭಾರದ ಕಪಾಟುಗಳನ್ನು ಅದರ ಮೇಲೆಯೇ ಕಟ್ಟಿಬಿಟ್ಟರೆ, ಸ್ಕರ್ಟಿಂಗನ್ನು ಗೋಡೆಗೆ ಹೊಡೆಯುವ ಬದಲು ಹಲಗೆಗೆ ಹೊಡೆದರೆ, ಹಿಗ್ಗಿದ ನೆಲಕ್ಕೆ ಹೋಗಲು ದಾರಿ ಇರುವುದಿಲ್ಲ. ಆಗ ಅದು ಕೋಣೆಯ ನಡುವೆ ಬೆಟ್ಟದಂತೆ ಏಳುತ್ತದೆ. ಕುಗ್ಗುವ ಕಾಲದಲ್ಲಿ ಅದೇ ನೆಲ ಹಿಡಿದ ಕಡೆ ನಿಂತು, ಬಿಟ್ಟ ಕಡೆ ಬಿರಿಯುತ್ತದೆ. ಸದ್ದು ಬೇರೆ ವಿಷಯ. ಹಿಮ್ಮಡಿ ಊರಿದಾಗ ಹಲಗೆ ಒಂದೆಳೆ ತಗ್ಗಿ ‘ಟಕ್’ ಎಂದು ಕೆಳಕ್ಕೆ ಬಡಿದು ಮತ್ತೆ ಏಳುತ್ತದೆ. ಹಾಸುವ ಮೊದಲು ರಸಮಟ್ಟವಿಟ್ಟು ತಗ್ಗು ತುಂಬದ್ದರ ಫಲ ಅದು. ಪೊಳ್ಳು ಸದ್ದು ಕೇಳಿ ಮನೆಗೆ ಕೇಡೆಂದು ಹೆದರುವವರಿದ್ದಾರೆ, ಆ ಸದ್ದಿಗೆ ಶಾಂತಿ ಮಾಡಿಸುವ ಅಗತ್ಯವಿಲ್ಲ, ತಗ್ಗು ತುಂಬಿಸಿದರೆ ಸಾಕು.

ಮೊಳೆ ಹೊಡೆದಷ್ಟೂ ಗಟ್ಟಿ ಎಂಬ ತಿಳಿವಳಿಕೆಯನ್ನು ಈ ನೆಲ ಸುಳ್ಳು ಮಾಡುತ್ತದೆ. ಕನ್ನಡದ ಧರ್ಮಚಿಂತನೆಗೆ ಇದು ಹೊಸ ಮಾತಲ್ಲ. ಹನ್ನೆರಡನೆಯ ಶತಮಾನದ ಶರಣರು ಸ್ಥಾವರ ಜಂಗಮಗಳನ್ನು ಎದುರು ಬದುರು ನಿಲ್ಲಿಸಿ, ಬಾಳುವುದು ಜಂಗಮವೆಂದರು. ಕಂಬಂ ಊರಿನಲ್ಲಿ ಒಕ್ಕಲಿಗರು ನಡೆಸಿಕೊಂಡು ಬಂದ ನಂದಗೋಪಾಲನ ‘ತಂಬಿರಾನ್ ಮಾಡು’ ಎಂಬ ದೇವರ ದನಗಳ ದೊಡ್ಡಿ ಇದೆ. ಅಲ್ಲಿ ಪೂಜೆ ಸಲ್ಲುವುದು ಜೀವಂತ ದನಗಳಿಗೆ, ಮಾಟ್ಟುಪ್ಪೊಂಗಲ್ ದಿನ ಜನ ಕೈಮುಗಿಯುವುದು ಅವಕ್ಕೇ. ಎಡ್ಗರ್ ಥರ್ಸ್ಟನ್ 1909ರಲ್ಲಿ ಹೊರತಂದ ದಕ್ಷಿಣ ಭಾರತದ ಜಾತಿ–ಬುಡಕಟ್ಟುಗಳ ಸಂಪುಟಗಳಲ್ಲಿ ಈ ಹಿಂಡಿನ ಕನ್ನಡ ಹೆಸರು ದಾಖಲಾಗಿದೆ: ದೇವರ ಆವು. ಹಿಂಡಿನ ಒಡೆಯ ಪಟ್ಟದ ಆವು. ಅದು ಸತ್ತಾಗ ಹಿಂಡಿನೆದುರು ಕಬ್ಬಿಡುತ್ತಾರೆ, ಮುಂದೆ ಬಂದು ಕಬ್ಬಿಗೆ ಬಾಯಿ ಹಾಕಿದ ಹೋರಿಗೆ ಪಟ್ಟ. ಹೋರಿಗಳು ಬಂದು ಹೋಗುತ್ತವೆ, ಪಟ್ಟ ನಿಂತಿದೆ. ಉತ್ತರದಿಂದ ಈ ಸೀಮೆಗೆ ವಲಸೆ ಬಂದ ಕುಲಗಳಲ್ಲಿ ಇನ್ನೊಂದು ಐತಿಹ್ಯವುಂಟು: ಓಡಿ ಬರುವಾಗ ಹೊಳೆ ಅಡ್ಡವಾಯಿತು, ದಡದ ಹೊಂಗೆ ಮರ ಬಾಗಿ ಸೇತುವೆಯಾಯಿತು, ಅದರ ಮೇಲೆ ನಡೆದು ದಾಟಿದರು. ಕುಲ ಉಳಿಸಿದ ಆ ನೆಲ ಭೂಮಿಗೆ ಅಂಟಿರಲಿಲ್ಲ, ಬಾಗಬಲ್ಲದ್ದಾಗಿತ್ತು. ಸ್ಥಿರವೆಂದರೆ ಅಲುಗದ್ದು ಎಂಬ ಅರ್ಥ ಬಿದಿರಿಗೂ ಹೊಂದದು, ಈ ಜನರ ಬಾಳಿಗೂ ಹೊಂದದು. ತನ್ನ ಚಲನೆಗೆ ಎಡೆ ಇಟ್ಟುಕೊಂಡು ತನ್ನ ಜಾಗದಲ್ಲಿರುವುದೇ ಸ್ಥಿರ.

ಆಚರಣೆಗೆ ಬಂದರೆ ಕೆಲವು ಮಾತು ಖಚಿತವಾಗಿ ಹೇಳಬಹುದು. ಕಲಶವನ್ನು ಬಿದಿರಿನ ನೆಲದ ಮೇಲಿಡಬಹುದು, ಅಡಿಯಲ್ಲಿ ಅಕ್ಕಿ ತುಂಬಿದ ತಟ್ಟೆ ಇರಲಿ. ರಂಗೋಲಿ ಒಣಪುಡಿಯದ್ದಾಗಲಿ. ಹೋಮಕುಂಡವನ್ನು ಇದರ ಮೇಲೆ ನೇರವಾಗಿ ಇಡಬಾರದು. ಶುಕ್ರವಾರದ ನೆಲ ತೊಳೆಯುವ ವಾಡಿಕೆಯಲ್ಲಿ ಬಕೆಟ್ಟಿನ ನೀರು ಸುರಿಯಬಾರದು. ಗಟ್ಟಿಯಾಗಿ ಹಿಂಡಿದ ಬಟ್ಟೆಯಿಂದ ಒರೆಸಿದರೂ ಮಡಿ ಮಡಿಯೇ. ದೇವರಕೋಣೆಗೂ ಹೊಸಿಲಿನ ಪಕ್ಕಕ್ಕೂ ಕಾವಿಯೋ ಕಲ್ಲೋ ಉಳಿಸಿಕೊಳ್ಳುವುದು ಮೇಲು, ನೀರು ಹೆಚ್ಚು ಬೀಳುವುದು ಅಲ್ಲಿಯೇ. ಉಬ್ಬಿದ ನೆಲವನ್ನು ಒಮ್ಮೆಗೇ ಕಿತ್ತೆಸೆಯಬೇಕಿಲ್ಲ. ಸ್ಕರ್ಟಿಂಗ್ ಬಿಚ್ಚಿ, ಗೋಡೆಗೆ ತಾಗಿದ ಅಂಚು ಕೊಯ್ದು ಎಡೆ ಮಾಡಿಕೊಟ್ಟರೆ, ತೇವದ ಮೂಲ ನಿಂತಿದ್ದರೆ, ಹಲವು ಹಲಗೆಗಳು ತಾವಾಗಿಯೇ ಮಟ್ಟಕ್ಕೆ ಮರಳುತ್ತವೆ.

ಹೊಸದಾಗಿ ಹಾಸಿಸುವವರು ಸ್ಕರ್ಟಿಂಗ್ ಹೊಡೆಯುವ ಮೊದಲು ಬಡಗಿಯನ್ನು ನಿಲ್ಲಿಸಿ, ನಾಲ್ಕೂ ಗೋಡೆಯ ಬುಡದಲ್ಲಿ ಕಿರುಬೆರಳ ದಪ್ಪದ ಎಡೆ ಇದೆಯೇ ಎಂದು ಸ್ವತಃ ಬಗ್ಗಿ ನೋಡಬೇಕು. ಆಮೇಲೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.